ಕೃಷಿ ಪರಿಕರದಿಂದ ಹಾನಿಯಾದಾಗ ಹೊಣೆ ಯಾರದು? ಸರ್ಕಾರದ ನಿಯಂತ್ರಣ ಮತ್ತು ಕೊಳ್ಳುವವರ ಎಚ್ಚರ



ಪ್ರತಿ ಹಂಗಾಮಿನಲ್ಲಿಯೂ ನಾವು ಕೇಳುವ ದೂರುಗಳಲ್ಲಿ ಕೆಲವು ಬದಲಾಗುವುದೇ ಇಲ್ಲ. ಸಿಂಪಡಿಸಿದ ಔಷಧಿಗೆ ಹುಳು ಸಾಯಲಿಲ್ಲ. ಬಿತ್ತಿದ ಬೀಜ ಮೊಳೆಯಲಿಲ್ಲ. ಬೆಳವಣಿಗೆಗೆಂದು ಕೊಟ್ಟ ದ್ರಾವಣದಿಂದ ಎಲೆ ಸುಟ್ಟಿತು. ಸಿಂಪಡಿಸಿದ ಕೂಲಿಕಾರನಿಗೆ ತಲೆಸುತ್ತು ಬಂದು ಆಸ್ಪತ್ರೆಗೆ ಒಯ್ಯಬೇಕಾಯಿತು. ಇಂತಹ ಸಂದರ್ಭದಲ್ಲಿ ಎರಡು ಮಾತುಗಳು ಏಳುತ್ತವೆ. "ಇಂಥದ್ದನ್ನು ಮಾರಲು ಸರ್ಕಾರ ಏಕೆ ಬಿಟ್ಟಿತು?" ಎಂಬುದು ಒಂದು. "ನೋಡಿ ಕೊಳ್ಳಬೇಕಾದದ್ದು ರೈತನ ಕೆಲಸವಲ್ಲವೇ?" ಎಂಬುದು ಇನ್ನೊಂದು. ಚನ್ನಗಿರಿಯ ಅಡಿಕೆ ತೋಟಗಳಲ್ಲಿ, ಹೊನ್ನಾಳಿ ಮತ್ತು ನ್ಯಾಮತಿಯ ಭತ್ತದ ಗದ್ದೆ ಹಾಗೂ ಮೆಕ್ಕೆಜೋಳದ ಹೊಲಗಳಲ್ಲಿ, ಜಗಳೂರಿನ ಮಳೆಯಾಶ್ರಿತ ಈರುಳ್ಳಿ, ಶೇಂಗಾ, ಹತ್ತಿ ಹೊಲಗಳಲ್ಲಿ ಈ ಎರಡೂ ಮಾತುಗಳು ಕೇಳಿಬರುತ್ತವೆ.

ಎರಡೂ ಅರ್ಧ ಸತ್ಯಗಳೆಂಬುದು ಈ ಲೇಖನದ ವಾದ. ಕಣ್ಣಿಗೆ ಕಾಣದ ದೋಷಕ್ಕೆ ರೈತನನ್ನು ಹೊಣೆ ಮಾಡುವುದು ಅನ್ಯಾಯ. ಹೊಲದ ಬದುವಿನೊಳಗೆ ನಡೆಯುವ ಬಳಕೆಯನ್ನು ಸರ್ಕಾರ ಕಾಯಬೇಕೆಂದು ಬಯಸುವುದು ಅಸಾಧ್ಯವಾದ ಬಯಕೆ. ಯಾವುದು ಯಾರ ಪಾಲು ಎಂಬುದನ್ನು ಬೇರ್ಪಡಿಸಿ ತಿಳಿದುಕೊಂಡಲ್ಲಿ ಮಾತ್ರ ಹಾನಿಯನ್ನು ತಡೆಯಲೂ, ಆದ ಹಾನಿಗೆ ಪರಿಹಾರ ಪಡೆಯಲೂ ಸಾಧ್ಯ.

ಕೈಯಿಂದ ಪರೀಕ್ಷಿಸಬಹುದಾದದ್ದು, ಪರೀಕ್ಷಿಸಲಾಗದ್ದು

ಅಡಿಕೆ ಬೆಳೆಗಾರರೆಲ್ಲರಿಗೂ ತಿಳಿದ ಬೋರ್ಡೋ ದ್ರಾವಣವನ್ನು ಉದಾಹರಣೆಯಾಗಿ ತೆಗೆದುಕೊಳ್ಳಿ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ದ್ರಾವಣ ಸರಿಯಾಗಿದೆಯೇ ಎಂದು ತಿಳಿಯಲು ಹೊಳೆಯುವ ಕಬ್ಬಿಣದ ಚಾಕುವನ್ನು ಅದರಲ್ಲಿ ಅದ್ದಿದರೆ ಸಾಕು. ಚಾಕುವಿನ ಮೇಲೆ ತಾಮ್ರದ ಕೆಂಪು ಲೇಪ ಕೂತರೆ ಇನ್ನಷ್ಟು ಸುಣ್ಣ ಬೇಕೆಂದು ಅರ್ಥ. ತಯಾರಿಸುವವನೂ, ಪರೀಕ್ಷಿಸುವವನೂ, ಬಳಸುವವನೂ ಒಬ್ಬನೇ ಆಗಿರುವುದರಿಂದ ಇಲ್ಲಿ ಹೊಣೆಯ ಪ್ರಶ್ನೆಗೆ ಗೊಂದಲವಿಲ್ಲ. ಬಿತ್ತನೆಗೆ ಮುನ್ನ ನೂರು ಕಾಳುಗಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು ಮೊಳಕೆ ಎಣಿಸುವುದೂ ಇಂತಹುದೇ ಪರೀಕ್ಷೆ.

ಆದರೆ ಕಾರ್ಖಾನೆಯಲ್ಲಿ ಮುಚ್ಚಿ ಬಂದ ಬಾಟಲಿಗೆ ಯಾವ ಚಾಕುವನ್ನು ಅದ್ದಬೇಕು? ಎಮಾಮೆಕ್ಟಿನ್ ಬೆಂಜೋಯೇಟ್ ಶೇಕಡಾ 5 ಎಂದು ಬರೆದ ಪೊಟ್ಟಣದಲ್ಲಿ ಶೇಕಡಾ 5 ಇದೆಯೋ 2 ಇದೆಯೋ ಎಂಬುದನ್ನು ಪ್ರಯೋಗಾಲಯವಲ್ಲದೆ ಬೇರೆ ಯಾರೂ ಹೇಳಲಾರರು. 'ಜೈವಿಕ' ಎಂದು ಬರೆದ ಬಾಟಲಿಯೊಳಗೆ ಹೇಳದೆ ಬೆರೆಸಿದ ರಾಸಾಯನಿಕವಿದ್ದರೆ ಅದು ವಾಸನೆಯಿಂದ ತಿಳಿಯುವುದಿಲ್ಲ. ಹೈಬ್ರಿಡ್ ಬೀಜದ ಮೊಳಕೆಯನ್ನು ಮನೆಯಲ್ಲಿ ನೋಡಬಹುದು, ತಳಿಶುದ್ಧತೆಯನ್ನು ನೋಡಲಾಗದು. ಒಂದು ರಾಸಾಯನಿಕವು ಇಪ್ಪತ್ತು ವರ್ಷಗಳ ನಂತರ ನರಮಂಡಲಕ್ಕೆ ಏನು ಮಾಡುತ್ತದೆಂಬುದಂತೂ ಕೊಳ್ಳುವವನ ಅರಿವಿಗೆ ಸಂಪೂರ್ಣ ಹೊರಗಿನದು. "ನೋಡಿ ಕೊಳ್ಳಿ" ಎಂಬ ಉಪದೇಶ ಇಲ್ಲಿ ಪೊಳ್ಳಾಗುತ್ತದೆ. ಕಾಣದ ಈ ಭಾಗವೇ ಸರ್ಕಾರದ ಪಾಲು.

ಕಾನೂನು ಹುಟ್ಟಿದ್ದು ಹಾನಿಯ ನಂತರ

1958ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ಎಂಬ ಕೀಟನಾಶಕ ಬೆರೆತ ಗೋಧಿ ಹಿಟ್ಟಿನ ತಿನಿಸನ್ನು ತಿಂದು ನೂರಕ್ಕೂ ಹೆಚ್ಚು ಮಂದಿ ಸತ್ತರು. ಹಡಗಿನಲ್ಲಿ ಆಹಾರದ ಮೂಟೆಗಳನ್ನೂ ಕೀಟನಾಶಕವನ್ನೂ ಒಟ್ಟಿಗೆ ಸಾಗಿಸಲಾಗಿತ್ತು. ತಿಂದವರಲ್ಲಿ ಯಾರೂ ಕೀಟನಾಶಕವನ್ನು ಕೊಂಡಿರಲಿಲ್ಲ. ಈ ದುರಂತದ ವಿಚಾರಣೆಯ ಫಲವಾಗಿ ಬಂದದ್ದು 1968ರ ಕೀಟನಾಶಕ ಕಾಯ್ದೆ. ನೋಂದಣಿಯಿಲ್ಲದೆ ಯಾವ ಕೀಟನಾಶಕವನ್ನೂ ತಯಾರಿಸಬಾರದು, ಪರವಾನಗಿಯಿಲ್ಲದೆ ಮಾರಬಾರದು, ವಿಷದ ಪ್ರಮಾಣಕ್ಕೆ ತಕ್ಕಂತೆ ಕೆಂಪು, ಹಳದಿ, ನೀಲಿ, ಹಸಿರು ಬಣ್ಣದ ಗುರುತನ್ನು ಲೇಬಲ್ ಮೇಲೆ ತೋರಿಸಬೇಕು ಎಂಬ ವ್ಯವಸ್ಥೆ ಇದರಿಂದಲೇ ಬಂದಿತು. ಬೀಜಕ್ಕೆ 1966ರ ಕಾಯ್ದೆ ಮತ್ತು 1983ರ ನಿಯಂತ್ರಣ ಆದೇಶ, ಗೊಬ್ಬರಕ್ಕೆ 1985ರ ನಿಯಂತ್ರಣ ಆದೇಶ ಇವೆ.

ಕಾನೂನಿನ ಬೇಲಿಯಲ್ಲಿ ಸಂದು ಉಳಿದಾಗ ಏನಾಗುತ್ತದೆಂಬುದಕ್ಕೆ ಜೈವಿಕ ಉತ್ತೇಜಕಗಳು ಇತ್ತೀಚಿನ ನಿದರ್ಶನ. ಇವು ಕೀಟನಾಶಕವೂ ಅಲ್ಲ, ಗೊಬ್ಬರವೂ ಅಲ್ಲವೆಂಬ ಕಾರಣದಿಂದ ವರ್ಷಗಟ್ಟಲೆ ಯಾವ ಹಿಡಿತಕ್ಕೂ ಸಿಗದೆ ಮಾರಾಟವಾದವು. 2021ರ ಫೆಬ್ರವರಿಯಲ್ಲಿ ಅವುಗಳನ್ನು ಗೊಬ್ಬರ ನಿಯಂತ್ರಣ ಆದೇಶದೊಳಗೆ ತರಲಾಯಿತು. ಒಂದು ಕಾಲದಲ್ಲಿ ಸುಮಾರು 30,000 ಉತ್ಪನ್ನಗಳು ಮಾರುಕಟ್ಟೆಯಲ್ಲಿದ್ದು, ಬಿಗಿ ತಪಾಸಣೆಯ ನಂತರ ಸುಮಾರು 650ಕ್ಕೆ ಇಳಿದಿವೆ ಎಂದು ಕೇಂದ್ರ ಕೃಷಿ ಸಚಿವರು 2025ರ ಜುಲೈನಲ್ಲಿ ತಿಳಿಸಿದರು. ಹಾಗಾದರೆ ಉಳಿದ ಸಾವಿರಾರು ಉತ್ಪನ್ನಗಳಿಗೆ ಅಷ್ಟು ವರ್ಷ ಹಣ ತೆತ್ತವರು ಯಾರು? ರೈತರೇ. ಪ್ರಯೋಜನದ ಪುರಾವೆಯನ್ನು ಮೊದಲೇ ಕೇಳದ ನಿಯಂತ್ರಣವು ಪರೀಕ್ಷೆಯ ವೆಚ್ಚವನ್ನು ರೈತನ ಜೇಬಿಗೆ ವರ್ಗಾಯಿಸುತ್ತದೆ.

ಕಾನೂನು ಬದುವಿನ ಬಳಿ ನಿಲ್ಲುತ್ತದೆ

ಕಾಯ್ದೆಯ ಮಿತಿಗಳನ್ನೂ ಅರಿಯಬೇಕು. ಕೀಟನಾಶಕ ಕಾಯ್ದೆಯ 38ನೇ ಕಲಮಿನ ಪ್ರಕಾರ, ವ್ಯಕ್ತಿಯು ತಾನು ಸಾಗುವಳಿ ಮಾಡುವ ಜಮೀನಿನಲ್ಲಿ ಕೀಟನಾಶಕವನ್ನು ಬಳಸುವುದಕ್ಕೆ ಈ ಕಾಯ್ದೆ ಅನ್ವಯಿಸುವುದಿಲ್ಲ. ರೈತನನ್ನು ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸದಿರುವುದು ಇದರಿಂದಾಗುವ ಒಳಿತು. ಆದರೆ ಇದರ ಇನ್ನೊಂದು ಮುಖವೂ ಇದೆ. ಅಂಗಡಿಯ ಬಾಗಿಲಿನವರೆಗೆ ಬಂದ ಕಾನೂನು ಹೊಲದ ಬದುವನ್ನು ದಾಟುವುದಿಲ್ಲ. ಅಲ್ಲಿಂದ ಮುಂದಿನದೆಲ್ಲ ಕೊಂಡವನ ವಿವೇಚನೆ.

ಮೋನೋಕ್ರೋಟೋಫಾಸ್ ಕಥೆ ಇದನ್ನು ಸ್ಪಷ್ಟಪಡಿಸುತ್ತದೆ. 2005ರಲ್ಲಿ ತರಕಾರಿ ಬೆಳೆಗಳ ಮೇಲೆ ಇದರ ಬಳಕೆಯನ್ನು ನಿಷೇಧಿಸಲಾಯಿತು. ಹತ್ತಿಯಂತಹ ಬೆಳೆಗಳಿಗೆ ಅನುಮತಿ ಮುಂದುವರಿಯಿತು. ಒಂದೇ ಬಾಟಲಿ ಹತ್ತಿ ಹೊಲದಲ್ಲಿ ಸಕ್ರಮ, ಪಕ್ಕದ ಬದನೆ ಸಾಲಿನಲ್ಲಿ ಅಕ್ರಮ. ಇಂತಹ ಆದೇಶ ಪಾಲನೆಯಾಗುವುದು ಲೇಬಲ್ ಓದುವ ಕಣ್ಣಿನಿಂದ ಮಾತ್ರ. 2013ರ ಜುಲೈನಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಶಾಲೆಯೊಂದರಲ್ಲಿ ಇದೇ ವಿಷ ಬೆರೆತ ಬಿಸಿಯೂಟ ಉಂಡು 23 ಮಕ್ಕಳು ಸತ್ತರು. ಈ ಕೀಟನಾಶಕದ ಶೇಕಡಾ 36ರ ದ್ರವರೂಪವನ್ನು ಕೈಬಿಡುವ ಆದೇಶ ಬಂದದ್ದು 2023ರಲ್ಲಿ. ಮೊದಲ ನಿರ್ಬಂಧಕ್ಕೂ ಈ ಆದೇಶಕ್ಕೂ ನಡುವೆ 18 ವರ್ಷಗಳು ಕಳೆದವು.

ಕಳೆನಾಶಕ ಗ್ಲೈಫೋಸೇಟ್ ವಿಷಯವೂ ಹೀಗೆಯೇ. ಕೀಟ ನಿಯಂತ್ರಣ ನಿರ್ವಾಹಕರಲ್ಲದೆ ಬೇರೆ ಯಾರೂ ಅದನ್ನು ಬಳಸಬಾರದೆಂಬ ಆದೇಶ 2022ರ ಅಕ್ಟೋಬರ್‌ನಲ್ಲಿ ಹೊರಬಿದ್ದಿತು. ಚನ್ನಗಿರಿ, ನ್ಯಾಮತಿಯ ತೋಟಗಳಲ್ಲಿ ಕಳೆನಾಶಕ ಸಿಂಪಡಿಸುವವರು ಯಾರೆಂಬುದು ತಮಗೇ ತಿಳಿದಿದೆ. ನಿಮ್ಮ ಹೋಬಳಿಯಲ್ಲಿ ಅಂತಹ ಪರವಾನಗಿ ಪಡೆದ ನಿರ್ವಾಹಕರು ಎಷ್ಟು ಮಂದಿ ಎಂದು ಎಣಿಸಿ ನೋಡಿ. ಪಾಲಿಸಲು ಬೇಕಾದ ವ್ಯವಸ್ಥೆಯನ್ನು ಒದಗಿಸದೆ ಹೊರಡಿಸಿದ ನಿಯಮವು ಹಾನಿಯನ್ನು ತಡೆಯುವುದಕ್ಕಿಂತ ಹಾನಿಯಾದಾಗ ಬಳಕೆದಾರನತ್ತ ಬೆರಳು ತೋರಿಸಲು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಕಾಲದ ಪ್ರಶ್ನೆಯೂ ಇದೆ. ಕೀಟನಾಶಕ ನಿರೀಕ್ಷಕರು ತೆಗೆದ ಮಾದರಿಯ ವರದಿಗೆ ಕಾಯ್ದೆ ನೀಡಿರುವ ಅವಧಿ 30 ದಿನ. ಮೆಕ್ಕೆಜೋಳದ ಸೈನಿಕ ಹುಳು ಬೆಚ್ಚಗಿನ ಹವೆಯಲ್ಲಿ ಮೊಟ್ಟೆಯಿಂದ ಚಿಟ್ಟೆಯಾಗಲು ಬೇಕಾದದ್ದೂ ಸುಮಾರು ಅಷ್ಟೇ ದಿನ. ಔಷಧಿ ಕಳಪೆಯೆಂದು ತಿಳಿಯುವ ಹೊತ್ತಿಗೆ ಸುಳಿಯನ್ನು ತಿಂದ ಹುಳು ಮುಂದಿನ ಪೀಳಿಗೆಗೆ ಮೊಟ್ಟೆಯಿಟ್ಟಿರುತ್ತದೆ. ಮೊದಲ ಅಪರಾಧಕ್ಕೆ ಎರಡು ವರ್ಷದವರೆಗೆ ಸೆರೆವಾಸ, ಇಲ್ಲವೇ 10,000ದಿಂದ 50,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಎಂದು ಕಾಯ್ದೆ ಹೇಳುತ್ತದೆ. ಆ ದಂಡ ಸೇರುವುದು ಸರ್ಕಾರದ ಬೊಕ್ಕಸಕ್ಕೆ, ಬೆಳೆ ಕಳೆದುಕೊಂಡವರಿಗಲ್ಲ.

ಕೊಳ್ಳದವರಿಗೆ ತಗಲಿದ ಹಾನಿ

ಕೊಳ್ಳುವವನ ಎಚ್ಚರವೊಂದೇ ಸಾಕೆನ್ನುವವರಿಗೆ ನಮ್ಮ ಗಡಿನಾಡಿನ ಎಂಡೋಸಲ್ಫಾನ್ ದುರಂತವೇ ಉತ್ತರ. ಕಾಸರಗೋಡಿನಲ್ಲಿ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳ ಮೇಲೆ ಸುಮಾರು ಎರಡು ದಶಕ, 2000ದವರೆಗೆ, ಹೆಲಿಕಾಪ್ಟರಿನಿಂದ ಈ ಕೀಟನಾಶಕವನ್ನು ಸಿಂಪಡಿಸಲಾಯಿತು. ಎಣ್ಮಕಜೆಯ ಪಡ್ರೆ ಗ್ರಾಮದ ಕನ್ನಡಿಗ ಮನೆಗಳಲ್ಲಿ, ದಕ್ಷಿಣ ಕನ್ನಡದಲ್ಲಿ ಗೇರು ಅಭಿವೃದ್ಧಿ ನಿಗಮದ ತೋಟಗಳಿದ್ದ ಕೊಕ್ಕಡದಂತಹ ಊರುಗಳಲ್ಲಿ ಅಂಗವೈಕಲ್ಯ, ಬುದ್ಧಿಮಾಂದ್ಯಗಳ ಸಾಲು ಸಾಲು ಪ್ರಕರಣಗಳು ಬೆಳಕಿಗೆ ಬಂದವು. ಬಾಧೆಪಟ್ಟವರಲ್ಲಿ ಯಾರೂ ಆ ಔಷಧಿಯ ಗಿರಾಕಿಗಳಲ್ಲ. ಅವರು ನೆರೆಯವರು, ತೋಟದ ಕೆಳಗಿನ ತೋಡಿನ ನೀರು ಕುಡಿದವರು. ಕರ್ನಾಟಕ ಸರ್ಕಾರ 2011ರ ಫೆಬ್ರವರಿಯಲ್ಲಿ ಇದನ್ನು ತಡೆಹಿಡಿಯಿತು. ರಾಜ್ಯವೊಂದು ತನ್ನಷ್ಟಕ್ಕೆ ಹೀಗೆ ತಡೆಯಬಹುದಾದದ್ದು 60 ದಿನ ಮಾತ್ರ, ತನಿಖೆ ಮುಗಿಯದಿದ್ದರೆ ಮತ್ತೆ 30 ದಿನ. ಅದೇ ವರ್ಷದ ಮೇ 13ರಂದು ಸುಪ್ರೀಂ ಕೋರ್ಟ್ ದೇಶದಾದ್ಯಂತ ನಿಲ್ಲಿಸಿತು. ಕೇರಳದ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ನೀಡುವಂತೆ ಆ ನ್ಯಾಯಾಲಯ ಆದೇಶಿಸಿದ್ದು 2017ರ ಜನವರಿಯಲ್ಲಿ.

ಅದೇ 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಹತ್ತಿಗೆ ಔಷಧಿ ಸಿಂಪಡಿಸುತ್ತಿದ್ದ 20ಕ್ಕೂ ಹೆಚ್ಚು ಮಂದಿ ಸತ್ತರು, ನೂರಾರು ಮಂದಿ ಆಸ್ಪತ್ರೆ ಸೇರಿದರು. ಅವರಲ್ಲಿ ಅನೇಕರು ಕೂಲಿಗೆ ಸಿಂಪಡಿಸಲು ಹೋದವರು. ಔಷಧಿಯನ್ನು ಆರಿಸಿದವನು ಒಬ್ಬ, ಉಸಿರಾಡಿದವನು ಇನ್ನೊಬ್ಬ. ಆಳೆತ್ತರಕ್ಕೆ ಬೆಳೆದ ಹತ್ತಿಯ ನಡುವೆ ತುಂತುರು ಮುಖದ ಮಟ್ಟಕ್ಕೇ ಬರುತ್ತಿತ್ತು. ನಮ್ಮ ಮೆಕ್ಕೆಜೋಳವೂ ತಲೆಗಿಂತ ಎತ್ತರ ಬೆಳೆಯುವ ಪೈರೆಂಬುದನ್ನು ಮರೆಯದಿರಿ. ಮರುವರ್ಷ, 2018ರ ಆಗಸ್ಟ್‌ನಲ್ಲಿ, ಕೇಂದ್ರವು 18 ಕೀಟನಾಶಕಗಳ ನಿಷೇಧಾಜ್ಞೆ ಹೊರಡಿಸಿತು. ಹನ್ನೆರಡು ಕೂಡಲೇ ನಿಂತವು. ಫೋರೇಟ್, ಟ್ರಯಾಜೋಫಾಸ್, ಡೈಕ್ಲೋರ್ವಾಸ್ ಸೇರಿದಂತೆ ಆರಕ್ಕೆ 2020ರ ಡಿಸೆಂಬರ್ 31ರವರೆಗೆ ಕಾಲಾವಕಾಶವಿತ್ತು. ಇಂದಿಗೂ ಮನೆಯ ಅಟ್ಟದಲ್ಲಿ ಹಳೆಯ ಫೋರೇಟ್ ಗುಳಿಗೆ ಉಳಿದಿದ್ದರೆ ಅದನ್ನು ಬಳಸಬೇಡಿ.

ಸರ್ಕಾರಕ್ಕೂ ರೈತನಿಗೂ ನಡುವೆ: ಅಂಗಡಿಯ ಮಾತು

ನಿಯಂತ್ರಣ ಮತ್ತು ಎಚ್ಚರ ಎರಡರ ನಡುವೆ ಮೂರನೆಯದೊಂದು ಇದೆ. ಅದೇ ಮಾರಾಟಗಾರನ ಬಾಯಿಮಾತು. 2018ರ ಮೇ ತಿಂಗಳಲ್ಲಿ ಸೈನಿಕ ಹುಳು ಭಾರತದಲ್ಲಿ ಮೊದಲು ಪತ್ತೆಯಾದದ್ದು ಶಿವಮೊಗ್ಗದ ಮೆಕ್ಕೆಜೋಳದಲ್ಲಿ. ಹೊಸ ಕೀಟವಾದ್ದರಿಂದ ದೇಶದ ಯಾವ ಬಾಟಲಿಯ ಲೇಬಲ್ ಮೇಲೂ ಅದರ ಹೆಸರಿರಲಿಲ್ಲ. ಇಂತಹ ಗಳಿಗೆಯಲ್ಲಿ ರೈತ ಓಡುವುದು ಸಮೀಪದ ಅಂಗಡಿಗೇ. ಎಲೆ ತೋರಿಸಿದರೆ ಮೂರು ಬಾಟಲಿ ಮುಂದೆ ಬರುತ್ತವೆ. ಮೂರನ್ನೂ ಒಂದೇ ಡಬ್ಬಿಗೆ ಬೆರೆಸಲು ಹೇಳುವುದೂ ಉಂಟು. ವ್ಯವಹಾರ ಉದರಿಯದಾದ್ದರಿಂದ ಪ್ರಶ್ನೆ ಕೇಳಲು ಸಂಕೋಚ. ಬಿಲ್ಲು ಕೇಳಲು ಇನ್ನೂ ಸಂಕೋಚ. ಫಸಲು ಬಂದಾಗ ಲೆಕ್ಕ, ಫಸಲು ಹೋದರೆ ಜಗಳ.

ಇಲ್ಲಿ ಒಂದು ಸಂಗತಿಯನ್ನು ಒತ್ತಿ ಹೇಳಬೇಕಾಗಿದೆ. ಕೀಟನಾಶಕ, ಬೀಜ, ಗೊಬ್ಬರ ಮೂರಕ್ಕೂ ಸಂಬಂಧಿಸಿದ ನಿಯಮಗಳ ಪ್ರಕಾರ ನಗದು ಮಾರಾಟಕ್ಕೆ ನಗದು ಬಿಲ್ಲು, ಉದರಿ ಮಾರಾಟಕ್ಕೆ ಉದರಿ ಬಿಲ್ಲು ಕೊಡುವುದು ಕಡ್ಡಾಯ. ಉದರಿಗೆ ಬಿಲ್ಲಿಲ್ಲ ಎಂಬ ಮಾತಿಗೆ ಕಾನೂನಿನ ಆಧಾರವಿಲ್ಲ. ತಂಡದ ಸಂಖ್ಯೆ ಬರೆದ ಬಿಲ್ಲಿನ ಜಾಡು ಹಿಡಿದೇ ನಿರೀಕ್ಷಕರು ಆ ತಂಡದ ಮಾದರಿ ತೆಗೆಯಬಲ್ಲರು, ಇಲಾಖೆ ಆ ತಂಡದ ಮಾರಾಟ ತಡೆಯಬಲ್ಲದು, ನೆರೆಯ ಹತ್ತು ರೈತರು ಉಳಿಯಬಲ್ಲರು. ಬಿಲ್ಲಿಲ್ಲದ ದೂರು ಎಷ್ಟೇ ನಿಜವಿದ್ದರೂ ಸರ್ಕಾರದ ಕೈಗೆ ಹಿಡಿಕೆ ಸಿಗದ ಕೊಡಲಿಯಂತೆ.

ಹಾನಿಯಾದ ಮೇಲೆ ಹಕ್ಕು ಏನು?

ರೈತನು ಗ್ರಾಹಕನಲ್ಲ, ಲಾಭಕ್ಕಾಗಿ ಬೆಳೆಯುವ ವ್ಯಾಪಾರಿ ಎಂಬ ವಾದವನ್ನು ಕಂಪನಿಗಳು ಬಹುಕಾಲ ಮುಂದಿಟ್ಟವು. 2012ರ ಜನವರಿಯಲ್ಲಿ ರಾಷ್ಟ್ರೀಯ ಬೀಜ ನಿಗಮದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ವಾದವನ್ನು ತಳ್ಳಿಹಾಕಿತು. ದೋಷಯುಕ್ತ ಬೀಜ ಕೊಂಡ ರೈತ ಗ್ರಾಹಕನೇ. ಕೊಂಡ ಬೀಜವನ್ನೆಲ್ಲ ಬಿತ್ತುವ ರೈತನು ಪರೀಕ್ಷೆಗೆಂದು ಒಂದು ಪಾಲನ್ನು ಎತ್ತಿಟ್ಟಿರಬೇಕೆಂದು ನಿರೀಕ್ಷಿಸಲಾಗದು ಎಂದು ಅದು ಹೇಳಿತು.

2020ರ ಜುಲೈನಿಂದ ಜಾರಿಯಲ್ಲಿರುವ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ಇನ್ನೂ ಮುಂದೆ ಹೋಗಿ 'ಉತ್ಪನ್ನ ಹೊಣೆಗಾರಿಕೆ' ಎಂಬ ಅಧ್ಯಾಯವನ್ನೇ ಸೇರಿಸಿದೆ. ತಯಾರಿಕೆಯ ದೋಷ, ವಿನ್ಯಾಸದ ದೋಷ, ಸಾಕಷ್ಟು ಸೂಚನೆ ಅಥವಾ ಎಚ್ಚರಿಕೆ ನೀಡದಿರುವುದು, ಇವುಗಳಿಂದ ಹಾನಿಯಾದರೆ ತಯಾರಕನೇ ಹೊಣೆ. ತಯಾರಕ ನೀಡದ ಭರವಸೆಯನ್ನು ಮಾರಾಟಗಾರ ತಾನಾಗಿ ನೀಡಿ, ಅದು ಹುಸಿಯಾಗಿ ಹಾನಿಯಾದರೆ ಅವನೂ ಹೊಣೆಯಾಗಬಲ್ಲ. ಆದುದರಿಂದಲೇ ಅಂಗಡಿಯವರ ಸಲಹೆಯನ್ನು ಬಿಲ್ಲಿನ ಹಿಂಬದಿಯಲ್ಲಿ ಬರೆಸಿಕೊಳ್ಳುವುದು ಜಾಣತನ. ಆದರೆ ಅದೇ ಕಾಯ್ದೆಯಲ್ಲಿ ಇನ್ನೊಂದು ಮಾತೂ ಇದೆ: ಹಾನಿಯಾದ ಸಮಯದಲ್ಲಿ ಉತ್ಪನ್ನವನ್ನು ತಪ್ಪಾಗಿ ಬಳಸಿದ್ದರೆ ಅಥವಾ ಮಾರ್ಪಡಿಸಿದ್ದರೆ ಮಾರಾಟಗಾರನ ಮೇಲೆ ಕ್ರಮ ನಿಲ್ಲುವುದಿಲ್ಲ. ಲೀಟರಿಗೆ 0.4 ಗ್ರಾಂ ಹಾಕಬೇಕಾದಲ್ಲಿ ಒಂದು ಗ್ರಾಂ ಹಾಕಿದವರು, ಲೇಬಲ್‌ನಲ್ಲಿಲ್ಲದ ಬೆಳೆಗೆ ಬಳಸಿದವರು, ಮೂರು ಔಷಧಿ ಬೆರೆಸಿದವರು ತಮ್ಮ ದಾವೆಯನ್ನು ತಾವೇ ದುರ್ಬಲಗೊಳಿಸಿಕೊಳ್ಳುತ್ತಾರೆ. ಎಚ್ಚರದಿಂದ ಬಳಸಿದವರಿಗೇ ಹಕ್ಕಿನ ಬಲ ಹೆಚ್ಚು.

ತಾವು ವಾಸಿಸುವ ಜಿಲ್ಲೆಯ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗದಲ್ಲಿ, ಎರಡು ವರ್ಷಗಳೊಳಗೆ ದೂರು ಸಲ್ಲಿಸಬಹುದು. ಕೊಂಡ ಸರಕಿನ ಬೆಲೆ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ. ವಕೀಲರನ್ನು ಇಟ್ಟುಕೊಳ್ಳಲೇಬೇಕೆಂಬ ನಿಯಮವೂ ಇಲ್ಲ.

ಮುಂದಿನ ಕಾನೂನು ಹೇಗಿರಬೇಕು?

1968ರ ಕಾಯ್ದೆಯ ಬದಲಿಗೆ ಕೀಟನಾಶಕ ನಿರ್ವಹಣಾ ಮಸೂದೆ 2008ರಲ್ಲಿ ಒಮ್ಮೆ, 2020ರಲ್ಲಿ ಮತ್ತೊಮ್ಮೆ ರಾಜ್ಯಸಭೆಯಲ್ಲಿ ಮಂಡನೆಯಾಯಿತು. ಎರಡೂ ಕಾಯ್ದೆಯಾಗಲಿಲ್ಲ. 2025ರ ನವೆಂಬರ್‌ನಲ್ಲಿ ಹೊಸ ಬೀಜ ಮಸೂದೆಯ ಕರಡು ಸಾರ್ವಜನಿಕರ ಅಭಿಪ್ರಾಯಕ್ಕೆ ಬಂದಿತು. ತಳಿಗಳ ಕಡ್ಡಾಯ ನೋಂದಣಿ, ಚೀಲದ ಮೇಲೆ ಮೂಲ ತಿಳಿಸುವ ಕ್ಯೂಆರ್ ಸಂಕೇತ, ಹೆಚ್ಚಿನ ದಂಡ ಅದರಲ್ಲಿವೆ. ಇವು ಸ್ವಾಗತಾರ್ಹ. ಆದರೆ ಇಂತಹ ಯಾವ ಕರಡು ಬಂದರೂ ರೈತ ಸಂಘಟನೆಗಳು ಕೇಳಬೇಕಾದ ಪ್ರಶ್ನೆಗಳು ಮೂರು. ದಂಡದ ಹಣದಲ್ಲಿ ನೊಂದವರಿಗೆ ಪಾಲಿದೆಯೇ? ಪರೀಕ್ಷಾ ವರದಿ ಬೆಳೆಯ ಅವಧಿಯೊಳಗೆ ಬರುತ್ತದೆಯೇ? ಸಿಂಪಡಿಸುವ ಕೂಲಿಕಾರನಿಗೂ, ನೆರೆಯ ಮನೆಗೂ ಪರಿಹಾರದ ಬಾಗಿಲು ತೆರೆದಿದೆಯೇ?

ರೈತರು ಅನುಸರಿಸಬೇಕಾದ ಕ್ರಮಗಳು

1. ನಗದಾಗಲಿ, ಉದರಿಯಾಗಲಿ, ಬಿಲ್ಲಿಲ್ಲದೆ ಕೊಳ್ಳಬೇಡಿ. ಉತ್ಪನ್ನದ ಹೆಸರು, ತಂಡದ ಸಂಖ್ಯೆ, ತಯಾರಿಕೆ ಮತ್ತು ಅವಧಿ ಮುಗಿಯುವ ದಿನಾಂಕ ಬರೆಸಿಕೊಳ್ಳಿ.
2. ನೋಂದಣಿ ಸಂಖ್ಯೆ, ನಿಮ್ಮ ಬೆಳೆ, ನಿಮ್ಮ ಕೀಟ, ಪ್ರಮಾಣ, ಕೊಯ್ಲಿಗೆ ಮುನ್ನ ಬಿಡಬೇಕಾದ ದಿನಗಳು, ಇವನ್ನು ಲೇಬಲ್ ಮತ್ತು ಒಳಗಿನ ಕರಪತ್ರದಲ್ಲಿ ನೋಡಿ. ಓದಲು ಬಾರದವರು ಮನೆಯ ಮಕ್ಕಳಿಂದ ಓದಿಸಿ.
3. ಖಾಲಿ ಪೊಟ್ಟಣ, ಬೀಜದ ಚೀಲ, ಲೇಬಲ್ ಮತ್ತು ಬಿಲ್ಲನ್ನು ಫಸಲು ಮನೆಗೆ ಬರುವವರೆಗೆ ಮಕ್ಕಳ ಕೈಗೆ ಸಿಗದಂತೆ, ಅಡುಗೆಮನೆಯಿಂದ ದೂರ ಇಡಿ. ಸಾಧ್ಯವಾದಾಗ ಒಂದು ಹಿಡಿ ಬೀಜ ಉಳಿಸಿ. ಔಷಧಿಯ ಡಬ್ಬಿಯನ್ನು ಮನೆಬಳಕೆಗೆ ಎಂದಿಗೂ ಬಳಸಬೇಡಿ.
4. ಕೂಲಿಗೆ ಸಿಂಪಡಿಸುವವರಿಗೆ ಕೈಗವಸು, ಮುಖಗವಸು, ತುಂಬುತೋಳಿನ ಅಂಗಿ ಒದಗಿಸಿ. ಗಾಳಿಗೆ ಎದುರಾಗಿ, ನೆತ್ತಿಯ ಬಿಸಿಲಿನಲ್ಲಿ ಸಿಂಪಡಿಸಬೇಡಿ. ತಲೆಗಿಂತ ಎತ್ತರ ಬೆಳೆದ ಮೆಕ್ಕೆಜೋಳದೊಳಗೆ ಹೊಕ್ಕು ಸಿಂಪಡಿಸುವುದನ್ನು ಬಿಡಿ.
5. ವಿಷಬಾಧೆಯ ಲಕ್ಷಣ ಕಂಡರೆ ಲೇಬಲ್ ಸಹಿತ ಆಸ್ಪತ್ರೆಗೆ ಹೋಗಿ. ದೆಹಲಿಯ ಏಮ್ಸ್‌ನ ವಿಷ ಮಾಹಿತಿ ಕೇಂದ್ರದ ಉಚಿತ ದೂರವಾಣಿ 1800-116-117.
6. ಬೆಳೆಹಾನಿ ಕಂಡ ಕೂಡಲೇ ದಿನಾಂಕ ಸಹಿತ ಚಿತ್ರ ತೆಗೆದು, ರೈತ ಸಂಪರ್ಕ ಕೇಂದ್ರಕ್ಕೆ ಲಿಖಿತ ದೂರು ನೀಡಿ, ಸ್ವೀಕೃತಿ ಪಡೆಯಿರಿ. ಬೆಳೆ ಕಿತ್ತುಹಾಕುವ ಮುನ್ನ ಪರಿಶೀಲನೆ ಮಾಡಿಸಿ. ಕಿಸಾನ್ ಕಾಲ್ ಸೆಂಟರ್ ಸಂಖ್ಯೆ 1800-180-1551. ಗ್ರಾಹಕ ಸಹಾಯವಾಣಿ 1915.

ವಿಸ್ತರಣಾ ಕಾರ್ಯಕರ್ತರಿಗೆ

ದೂರು ಬಂದಾಗ "ಬಳಕೆಯಲ್ಲಿ ತಪ್ಪಾಗಿದೆ" ಎಂಬ ತೀರ್ಮಾನದಿಂದ ಪ್ರಾರಂಭಿಸಬೇಡಿ. ಹೊಲ ನೋಡಿ, ತಂಡದ ಸಂಖ್ಯೆ ಗುರುತಿಸಿ, ಅದೇ ತಂಡದ ಸರಕು ಹೋದ ಇತರ ಹೊಲಗಳ ಸ್ಥಿತಿ ಹೋಲಿಸಿ. ಬೇರೆ ಬೇರೆ ಕೈಗಳು ಬಳಸಿದ ಒಂದೇ ತಂಡ ಎಲ್ಲೆಡೆ ಸೋತಿದ್ದರೆ ದೋಷ ಬಾಟಲಿಯಲ್ಲಿರುವ ಸಂಭವ ಹೆಚ್ಚು. ಒಂದೇ ಹೊಲದಲ್ಲಿ ಸೋತಿದ್ದರೆ ಬಳಕೆಯನ್ನು ವಿಚಾರಿಸಬೇಕು. ಪರಿಶೀಲನಾ ವರದಿಯ ಪ್ರತಿಯನ್ನು ರೈತರಿಗೆ ಕೊಡಿ. ಗ್ರಾಹಕ ಆಯೋಗದ ಮುಂದೆ ಅದೇ ಅವರ ಮುಖ್ಯ ಸಾಕ್ಷ್ಯ. ಹಂಗಾಮು ನಡೆಯುವಾಗ ಮಾತ್ರವಲ್ಲ, ಸರಕು ಅಂಗಡಿಗೆ ಇಳಿಯುವ ಏಪ್ರಿಲ್-ಮೇ ತಿಂಗಳಲ್ಲಿಯೇ ಮಾದರಿ ತೆಗೆಸಲು ಒತ್ತಾಯಿಸಿ.

ಕೊನೆಯದಾಗಿ ಒಂದು ಮಾತು. ಅಂಗಡಿಯಲ್ಲಿ ಕೊಳ್ಳುವವರಾದ ನಾವು ಮಾರುಕಟ್ಟೆಯಲ್ಲಿ ಮಾರುವವರು. ಹೊನ್ನಾಳಿಯ ಅಕ್ಕಿಯನ್ನು, ಜಗಳೂರಿನ ಈರುಳ್ಳಿಯನ್ನು ಕೊಳ್ಳುವ ಗೃಹಿಣಿಗೆ ಅದರಲ್ಲಿನ ಔಷಧಿಯ ಶೇಷ ಕಣ್ಣಿಗೆ ಕಾಣುವುದಿಲ್ಲ. ಬಾಟಲಿಯ ಮುಂದೆ ನಾವು ನಿಂತಂತೆಯೇ ಆಕೆ ನಮ್ಮ ಚೀಲದ ಮುಂದೆ ನಂಬಿ ನಿಲ್ಲುತ್ತಾಳೆ. ತಯಾರಕರಿಂದ ನಾವು ಯಾವ ಪ್ರಾಮಾಣಿಕತೆಯನ್ನು ನಿರೀಕ್ಷಿಸುತ್ತೇವೆಯೋ, ಆಕೆಯ ನಿರೀಕ್ಷೆಯೂ ಅದೇ. ಕೊಯ್ಲಿಗೆ ಮುನ್ನ ಬಿಡಬೇಕಾದ ದಿನಗಳನ್ನು ಬಿಟ್ಟು ಕಟಾವು ಮಾಡಿದವರು ಕಂಪನಿಯನ್ನೂ ಸರ್ಕಾರವನ್ನೂ ಪ್ರಶ್ನಿಸುವಾಗ ಅವರ ಮಾತಿಗೆ ತೂಕವಿರುತ್ತದೆ.